ಮುಂಬಯಿಯ ಒಂದು ಲೆಕ್ಕ

ಸಾವಿಗೆ ಬಡವ ಬಲ್ಲಿದರೆಂಬ ಭೇದವಿಲ್ಲವೆಂದು ಹಳಗನ್ನಡ ಕಾವ್ಯ ಪಾಠ ಮಾಡುವಾಗ ನಾನು ಎಷ್ಟೋ ಸಲ ಹೇಳಿದ್ದೇನೆ. ಕಾವ್ಯಕ್ಕೆ ಆ ಮಾತು ಒಪ್ಪುತ್ತದೆ. ಚರಿತ್ರೆಗೂ ಒಪ್ಪುವುದೆ? 1918ರ ಮುಂಬಯಿಯ ಮರಣದ ಲೆಕ್ಕವನ್ನು ಕಂಡಂದಿನಿಂದ ಆ ಮಾತನ್ನಾಡಲು ನನಗೆ ನಾಲಗೆ ಹೊರಳುತ್ತಿಲ್ಲ.

ಆ ವರ್ಷದ ಜೂನಿನಲ್ಲಿ ಬಂದರಿನ ಕಡೆಯಿಂದ ಇನ್‌ಫ್ಲುಯೆಂಜಾ ಊರೊಳಗೆ ಕಾಲಿಟ್ಟಿತು. ಮೊದಲ ಸಲ ಅಷ್ಟಾಗಿ ಕಾಡದೆ ಸರಿದುಹೋಯಿತು. ಸೆಪ್ಟೆಂಬರಿನಲ್ಲಿ ಮರಳಿದಾಗ ಮಾರಿಯಾಗಿತ್ತು. ಅಕ್ಟೋಬರ್ 6ರ ಒಂದೇ ದಿನ ನಗರದಲ್ಲಿ 768 ಸಾವುಗಳು ದಾಖಲಾದವು.

ಜ್ವರ ಎಲ್ಲರನ್ನೂ ಮುಟ್ಟಿತೆಂಬುದೇನೋ ನಿಜ. ಆದರೆ ಸತ್ತವರನ್ನು ಸಮುದಾಯವಾರಾಗಿ ಎಣಿಸಿದ ಪಟ್ಟಿ ಬೇರೆಯೇ ಕಥೆ ಹೇಳುತ್ತದೆ. ಸಾವಿರಕ್ಕೆ ಐರೋಪ್ಯರಲ್ಲಿ 8.3 ಮಂದಿ, ಪಾರಸಿಗಳಲ್ಲಿ 9, ಮುಸಲ್ಮಾನರಲ್ಲಿ 19.2, ಉಳಿದ ಜಾತಿಗಳ ಹಿಂದುಗಳಲ್ಲಿ 18.9. ‘ಕೆಳಜಾತಿಯ ಹಿಂದುಗಳು’ ಎಂಬ ಸಾಲಿಗೆ ಬಂದರೆ (ತಲೆಬರಹ ಆ ಕಾಲದ್ದು, ನನ್ನದಲ್ಲ) 61.6! ಒಂದೇ ಊರು, ಒಂದೇ ಜ್ವರ. ಐರೋಪ್ಯರಿಗಿಂತ ಏಳು ಪಟ್ಟಿಗೂ ಮಿಕ್ಕ ಸಾವು.

ಸಿರಿವಂತರಿಗೆ ಒಳ್ಳೆಯ ಔಷಧ ದೊರಕಿತ್ತೆಂದು ವಾಚಕರು ಭಾವಿಸಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಆದರೆ ಆ ಜ್ವರಕ್ಕೆ ಆಗ ಮದ್ದೆಂಬುದೇ ಇರಲಿಲ್ಲ. ಬಂಗಲೆಗೆ ಬರುತ್ತಿದ್ದ ದೊಡ್ಡ ಡಾಕ್ಟರಿಗೂ ತಿಳಿದಿರಲಿಲ್ಲ. ಗಂಜಿ, ಕಾಯಿಸಿದ ನೀರು, ಒಂದು ಕಂಬಳಿ, ಗಾಳಿಯಾಡುವ ಕೋಣೆ, ಎದ್ದೇಳದೆ ಮಲಗುವಷ್ಟು ಬಿಡುವು, ಮಗ್ಗುಲಲ್ಲಿ ಕೂರುವವರೊಬ್ಬರು: ಚಿಕಿತ್ಸೆಯೆಂದರೆ ಇಷ್ಟೆ. ಇಷ್ಟೂ ಇಲ್ಲದವರು ಸತ್ತರು. ಚಾಳಿನ ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಒಬ್ಬ ಕೆಮ್ಮಿದರೆ ಎಲ್ಲರೂ ಮಲಗಬೇಕು. ಕೂಲಿಯವನು ಮಲಗಿದ ದಿನ ಕೂಲಿಯಿಲ್ಲ. ಮೈ ಸುಡುತ್ತಿದ್ದರೂ ಏಳಲೇಬೇಕು. ಸಾಲದುದಕ್ಕೆ ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಯುದ್ಧಕಾಲದಲ್ಲಿ ಏರಿದ್ದ ಧಾನ್ಯದ ಬೆಲೆ ಮತ್ತೂ ಏರಿತು. ಜ್ವರಕ್ಕೆ ಮೊದಲೇ ಹೊಟ್ಟೆ ಬರಿದಾಗಿತ್ತು.

ಮಗ್ಗುಲಲ್ಲಿ ಕೂರುವವರೆಂದೆನಲ್ಲ, ಅವರ ವಿಷಯವೊಂದಿದೆ. ದೇಶದಲ್ಲಿ ಈ ಜ್ವರಕ್ಕೆ ಗಂಡಸರಿಗಿಂತ ಹೆಂಗಸರೇ ಹೆಚ್ಚು ಬಲಿಯಾದರು. ಎಲ್ಲರೂ ಉಂಡು ಮಿಕ್ಕುದನ್ನು ಉಣ್ಣುತ್ತಿದ್ದವಳು, ರಾತ್ರಿಯೆಲ್ಲ ರೋಗಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದವಳು ಅವಳೇ. ಅವಳು ಮಲಗಿದ ಮೇಲೆ ಆ ಕೋಣೆಯಲ್ಲಿ ಗಂಜಿ ಕಾಯಿಸಲು ಯಾರೂ ಉಳಿದಿರುತ್ತಿರಲಿಲ್ಲ.