ಹಟ್ಟಿಯ ಹಾಡಿಗೊಂದು ಸೂಚಿ: ಚಿತ್ರದುರ್ಗ ಸೀಮೆಯ ಧ್ವನಿಮುದ್ರಣಗಳನ್ನು ಹುಡುಕುವ ಬಗೆ

ಚಿತ್ರದುರ್ಗದ ಕೋಟೆ ಕಾಯ್ದ ಓಬವ್ವನ ಹಾಡು ಬೇಕೆಂದರೆ ಯಾರಿಗೂ ಕಷ್ಟವಿಲ್ಲ. ಚಿತ್ರ ‘ನಾಗರಹಾವು’, ವರ್ಷ 1972, ಸಂಗೀತ ವಿಜಯಭಾಸ್ಕರ್, ದನಿ ಪಿ.ಬಿ. ಶ್ರೀನಿವಾಸ್. ಇಷ್ಟು ಗೊತ್ತಿದ್ದರೆ ಸಾಕು, ಹಾಡು ಕೈಗೆ ಸಿಕ್ಕಿತು. ಅದೇ ಕೋಟೆಯಿಂದ ತುಸು ದೂರ ಹಿರಿಯೂರು, ಹೊಳಲ್ಕೆರೆ ಕಡೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ಎಂಬ ಕೊಳಲು ಊದಿ ಹಾಡುವ, ಕಾಡುಗೊಲ್ಲರ ದೇವರು ಜುಂಜಪ್ಪನ ಕಥೆಯ ಧ್ವನಿಮುದ್ರಣ ಬೇಕೆಂದರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು? ಮುದ್ರಣಗಳೇ ಇಲ್ಲವೆಂದಲ್ಲ. ಅವುಗಳ ಬಳಿಗೆ ಕರೆದೊಯ್ಯುವ ಸೂಚಿ ಇಲ್ಲ.

ಇಂಥದೇ ಸ್ಥಿತಿಯಿಂದ ಹೊರಬಂದ ಒಂದು ಪರಂಪರೆ ಅಮೆರಿಕದ ಕಪ್ಪುಜನರ ಬ್ಲೂಸ್ ಹಾಡು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ಗ್ರಾಮಫೋನ್ ತಟ್ಟೆ ಚೆನ್ನಾಗಿ ಮಾರಾಟವಾದ ಮೇಲೆ ಅಮೆರಿಕದ ಕಂಪನಿಗಳು ಕಪ್ಪುಜನರಿಗೆಂದೇ ಬೇರೆ ಮಾಲಿಕೆಗಳನ್ನು ಹೊರಡಿಸಿದವು. ಮಾರಾಟ ಮುಗಿದ ಮೇಲೆ ಅವನ್ನು ಜೋಪಾನ ಮಾಡುವ ಗೊಡವೆಗೆ ಹೆಚ್ಚಿನವು ಹೋಗಲಿಲ್ಲ. ಲೆಕ್ಕ ಇಟ್ಟವರು ಕೇಳುಗರೇ. 1936ರಲ್ಲಿ ಚಾರ್ಲ್ಸ್ ದಲೊನೆ ಪ್ಯಾರಿಸ್‌ನಲ್ಲಿ ಜಾಜ್ ಮುದ್ರಿಕೆಗಳ ಸೂಚಿ ಪ್ರಕಟಿಸಿದರು. ಮುಂದೆ ಬ್ರಯಾನ್ ರಸ್ಟ್ ಜಾಜ್‌ನ ದೊಡ್ಡ ಸೂಚಿಯನ್ನು ಕಟ್ಟಿದರು. 1964ರಲ್ಲಿ ಡಿಕ್ಸನ್ ಮತ್ತು ಗಾಡ್ರಿಚ್ ಅವರ ಬ್ಲೂಸ್ ಹಾಗೂ ಗಾಸ್ಪೆಲ್ ಸೂಚಿ ಬಂತು. ಈ ಡಿಕ್ಸನ್ ಬೇರೆ ಯಾರೂ ಅಲ್ಲ, ಆಸ್ಟ್ರೇಲಿಯದ ಮೂಲನಿವಾಸಿಗಳ ಭಾಷೆಗಳಿಗೆ ವ್ಯಾಕರಣ ಬರೆದ ಆರ್.ಎಂ.ಡಬ್ಲ್ಯು. ಡಿಕ್ಸನ್. ನಮ್ಮ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಅವರನ್ನು ಬಲ್ಲರು, ಅವರ ಈ ಇನ್ನೊಂದು ಮುಖವನ್ನು ಬಲ್ಲವರು ಕಡಿಮೆ.

ಆ ಸೂಚಿಯಲ್ಲಿ ಗಾಯಕರ ಹೆಸರಿನ ಕೆಳಗೆ ಹಿನ್ನೆಲೆ ವಾದ್ಯದವರು, ಊರು, ದಿನಾಂಕ, ತಟ್ಟೆಯಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆ, ಕಂಪನಿಯ ಮಾರಾಟಪಟ್ಟಿಯ ಸಂಖ್ಯೆ ಬರುತ್ತವೆ. ಮುದ್ರಣವಾಗಿಯೂ ಮಾರುಕಟ್ಟೆಗೆ ಬಾರದವುಗಳಿಗೂ ಅಲ್ಲಿ ಜಾಗವಿದೆ. ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಲೋಮ್ಯಾಕ್ಸ್ ತಂದೆ–ಮಗ 1933ರಿಂದ ಜೈಲು, ಹೊಲಗಳಲ್ಲಿ ಮಾಡಿದ ಕ್ಷೇತ್ರಮುದ್ರಣಗಳೂ ಅಂಗಡಿಯ ತಟ್ಟೆಗಳ ಪಕ್ಕದಲ್ಲೇ ಕೂತಿವೆ. ನಮಗೆ ಮುಖ್ಯವಾದ ಪಾಠ ಇದು. ಇನ್ನೊಂದು ಪಾಠ ಮ್ಯಾಟ್ರಿಕ್ಸ್ ಸಂಖ್ಯೆಯದು. 1929ರಲ್ಲಿ ಪ್ಯಾರಾಮೌಂಟ್ ಕಂಪನಿ ಬ್ಲೂಸ್ ಗಾಯಕ ಚಾರ್ಲಿ ಪ್ಯಾಟನ್‌ನ ಒಂದು ತಟ್ಟೆಯನ್ನು ‘ಮುಸುಕುಧಾರಿ’ ಎಂಬ ಹೆಸರಿನಲ್ಲಿ ಬಿಟ್ಟು, ಹಾಡಿದವನು ಯಾರೆಂದು ಹೇಳಿದವರಿಗೆ ಬಹುಮಾನವಿಟ್ಟಿತ್ತು. ಚೀಟಿಯ ಮೇಲಿನ ಹೆಸರು ಹೀಗೆ ಸುಳ್ಳಾಗಬಹುದು. ತಟ್ಟೆಯಲ್ಲಿ ಕೊರೆದ ಸಂಖ್ಯೆಗೆ ಅಂಥ ಚಪಲವಿಲ್ಲ.

ಭಾರತದ ತಟ್ಟೆಗಳಿಗೂ ಈ ಕೆಲಸ ನಡೆದಿದೆ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದೂ ಸೇರಿದಂತೆ ಗ್ರಾಮಫೋನ್ ಕಂಪನಿಯ ಆರಂಭದ ಮುದ್ರಣಗಳನ್ನು ಮೈಕೆಲ್ ಕಿನ್ನಿಯರ್ ಪಟ್ಟಿಮಾಡಿದರು. 1990ರಲ್ಲಿ ಮುಂಬೈಯಲ್ಲಿ ತಟ್ಟೆ ಸಂಗ್ರಾಹಕರ ಸಂಘವೂ ಹುಟ್ಟಿತು. ಕನ್ನಡದ ನಾಟಕದ ಪ್ಲೇಟುಗಳನ್ನು ಹುಡುಕುವವರು ಹಿಡಿಯಬೇಕಾದ ದಾರಿ ಇದೇ.

ಆದರೆ ಹಟ್ಟಿಯ ಹಾಡು ಈ ಹಾದಿಗೆ ಬರುವುದಿಲ್ಲ. ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡು ಹಿಡಿಯುತ್ತಿತ್ತು. ಜುಂಜಪ್ಪನ ಕಥೆ ರಾತ್ರಿಯಿಡೀ ನಡೆಯುತ್ತದೆ. ಅದು ಯಂತ್ರಕ್ಕೆ ಸಿಕ್ಕಿದ್ದು ಟೇಪು ಬಂದ ಮೇಲೆ. ಸಿಕ್ಕಿದ್ದು ಹಂಚಿಹೋಗಿದೆ: ಭದ್ರಾವತಿ ಮತ್ತು ಚಿತ್ರದುರ್ಗದ ಆಕಾಶವಾಣಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ರಾಮನಗರದ ಜಾನಪದ ಲೋಕ, ಇವೆಲ್ಲಕ್ಕಿಂತ ಹೆಚ್ಚಾಗಿ ಸಂಶೋಧಕರ ಮನೆಯ ಪೆಟ್ಟಿಗೆ. ಕಾಡುಗೊಲ್ಲರ ಬಗ್ಗೆ ತೀ.ನಂ. ಶಂಕರನಾರಾಯಣ, ಮೀರಾಸಾಬಿಹಳ್ಳಿ ಶಿವಣ್ಣ ಬರೆದ ಪುಸ್ತಕಗಳೂ ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿಕೊಟ್ಟ ಪುಸ್ತಕವೂ ಇಲ್ಲಿ ಆಕರಸೂಚಿಗಳಂತೆ ಕೆಲಸ ಮಾಡುತ್ತವೆ. ಯಾವ ಊರಿಗೆ ಹೋಗಬೇಕು, ಯಾರ ಕಥೆ ಕೇಳಬೇಕು ಎಂಬುದು ಅವುಗಳಿಂದ ತಿಳಿಯುತ್ತದೆ. ಆದರೆ ಪುಟದಲ್ಲಿ ಸೊಲ್ಲಿದೆ, ದನಿಯಿಲ್ಲ.

 

ಸೂಚಿ ಕಟ್ಟುವುದಾದರೆ ಡಿಕ್ಸನ್ ಪದ್ಧತಿಯನ್ನು ಹಾಗೆಯೇ ಎತ್ತಿಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಅಲ್ಲಿ ಗಾಯಕ ಮೊದಲು. ಇಲ್ಲಿ ಹಟ್ಟಿ ಮೊದಲು ಬರಬೇಕು. ಹುಡುಕುವವನಿಗೆ ಸಾಮಾನ್ಯವಾಗಿ ಗೊತ್ತಿರುವುದು ಹಟ್ಟಿ ಮತ್ತು ದೇವರು, ಜುಂಜಪ್ಪನೋ ಎತ್ತಪ್ಪನೋ. ಆಮೇಲೆ ಕಥೆಯ ಯಾವ ಭಾಗ, ಹಾಡಿದವರು, ಗಣೆ ಊದಿದವರು, ಸಂದರ್ಭ, ತಾರೀಖು, ಮುದ್ರಿಸಿದವರು, ಟೇಪು ಈಗಿರುವ ಜಾಗ. ಹಾಡಿನ ಮೊದಲ ಸಾಲನ್ನು ನಂಬಿ ಕೂರುವಂತಿಲ್ಲ, ಸೋಬಾನೆಯ ಒಂದೇ ಸೊಲ್ಲು ಹತ್ತು ಹಾಡುಗಳಲ್ಲಿ ತಲೆಯೆತ್ತುತ್ತದೆ. ಬ್ಲೂಸ್‌ನಲ್ಲೂ ಸಾಲುಗಳು ಹೀಗೆಯೇ ಅಲೆಯುತ್ತವೆ.

ಹೆಸರಿನ ವಿಷಯದಲ್ಲಿ ಮಾತ್ರ ರಾಜಿಯಾಗಬಾರದು. ‘ಮತ್ತು ಸಂಗಡಿಗರು’ ಎಂಬ ನಮ್ಮ ರೂಢಿಯ ಮಾತು ಪ್ಯಾಟನ್‌ನ ಮುಸುಕಿಗಿಂತ ದಟ್ಟವಾದ ಮುಸುಕು. ಅದರ ಹಿಂದೆ ಇರುವವರು ಬಹುಪಾಲು ಸೊಲ್ಲು ಹಿಡಿದ ಹೆಂಗಸರು. ಪ್ಯಾಟನ್‌ನ ಮುಸುಕನ್ನು ತೆಗೆಯಲು ತಟ್ಟೆಯ ಮೇಲೆ ಸಂಖ್ಯೆಯಾದರೂ ಇತ್ತು. ಕ್ಯಾಸೆಟ್ಟಿಗೆ ಅದೂ ಇಲ್ಲ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಷ್ಟೇ ಅದರ ಜಾತಕ.

ಆದ್ದರಿಂದ ಚಿತ್ರದುರ್ಗ ಸೀಮೆಯಲ್ಲಿ ಕ್ಷೇತ್ರಕಾರ್ಯ ಮಾಡಿದವರಲ್ಲಿ ಒಂದು ಕೋರಿಕೆ: ಟೇಪನ್ನು ಡಿಜಿಟಲ್ ಮಾಡಿಸುವುದು ತಡವಾದರೂ ಆಗಲಿ, ಡಬ್ಬಿಯ ಮೇಲೆ ಹಟ್ಟಿಯ ಹೆಸರನ್ನೂ ಹಾಡಿದವರೆಲ್ಲರ ಹೆಸರನ್ನೂ ನೆನಪಿರುವಾಗಲೇ ಬರೆದಿಡಿ.