ಆಪತ್ಕಾಲದ ನೆಲೆ

ಯುದ್ಧ, ಹಣದ ಕುಸಿತ, ಕ್ಷಾಮ, ಸಾಂಕ್ರಾಮಿಕ ಮೊದಲಾದ ಕಾರಣಗಳಿಂದ ಸರ್ಕಾರ, ಮಾರುಕಟ್ಟೆ, ಸಾರಿಗೆ, ವಿದ್ಯುತ್ತು ಒಟ್ಟಿಗೆ ನಿಂತುಹೋದರೆ ಬದುಕು ಸಾಗಿಸಲೆಂದು ಮುಂಚಿತವಾಗಿಯೇ ಆರಿಸಿ ಸಜ್ಜುಮಾಡಿಟ್ಟುಕೊಂಡ ವಾಸಸ್ಥಳ. ಅಮೆರಿಕದಲ್ಲಿ ಇದನ್ನು ರಿಟ್ರೀಟ್ ಎನ್ನುತ್ತಾರೆ. ಇಂಥ ಸಿದ್ಧತೆಯಲ್ಲಿ ತೊಡಗಿದವರನ್ನು ಮೊದಲು ಸರ್ವೈವಲಿಸ್ಟರು ಎನ್ನುತ್ತಿದ್ದರು, ಈಚೆಗೆ ಪ್ರೆಪ್ಪರ್‌ಗಳು ಎನ್ನುವುದು ವಾಡಿಕೆ. ಬಾಂಬ್ ದಾಳಿಯ ಆಶ್ರಯಗಳಿಂದ ಇದು ಭಿನ್ನ. ಆಶ್ರಯದಲ್ಲಿ ಕೆಲವು ದಿನ ಅಥವಾ ವಾರ ಕಳೆದರೆ ಸಾಕು. ನೆಲೆಯಾದರೋ ಕೊಂಡಿಟ್ಟ ದಾಸ್ತಾನು ಮುಗಿದ ಮೇಲೂ ಅನ್ನ ನೀರು ಕೊಡುವಂತಿರಬೇಕು. ಸ್ಥಳದ ಆಯ್ಕೆಗೆ ಇಷ್ಟು ಮಹತ್ವ ಬಂದಿರುವುದು ಈ ಕಾರಣಕ್ಕೆ.

ಕಷ್ಟಕಾಲಕ್ಕೆ ಹಿಮ್ಮೆಟ್ಟುವ ಜಾಗವನ್ನು ಸುಭಿಕ್ಷದಲ್ಲೇ ಗೊತ್ತುಮಾಡಿಕೊಳ್ಳುವ ಯೋಚನೆ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಜಲದುರ್ಗ, ಗಿರಿದುರ್ಗ, ಮರುದುರ್ಗ, ವನದುರ್ಗ ಎಂದು ನಾಲ್ಕು ಬಗೆ ಹೇಳಿ, ನದಿ ಮತ್ತು ಬೆಟ್ಟದ ದುರ್ಗಗಳು ಜನಪದದ ರಕ್ಷಣೆಗೆ, ಮರಳುಗಾಡು ಮತ್ತು ಕಾಡಿನವು ಅಡವಿಕಾರರಿಗೆ ಅಥವಾ ಆಪತ್ತಿನಲ್ಲಿ ರಾಜ ಸರಿದುಹೋಗುವುದಕ್ಕೆ ಎಂದು ವಿಂಗಡಿಸುತ್ತದೆ. ಜನರನ್ನು ಕಾಪಾಡುವ ಜಾಗ ಬೇರೆ, ತಾನೊಬ್ಬ ತಪ್ಪಿಸಿಕೊಳ್ಳುವ ಜಾಗ ಬೇರೆ ಎಂಬ ಈ ವಿವೇಕ ಇಂದಿನ ಎಷ್ಟೋ ಕೈಪಿಡಿಗಳಲ್ಲಿ ಕಾಣುವುದಿಲ್ಲ. ಎಣ್ಣೆ, ಧಾನ್ಯ, ಬೆಲ್ಲ, ಉಪ್ಪು, ಔಷಧ, ಒಣಮೇವುಗಳನ್ನು ಅನೇಕ ವರ್ಷಕ್ಕೆ ಆಗುವಷ್ಟು ದುರ್ಗದಲ್ಲಿ ಕೂಡಿಡಬೇಕು, ಹೊಸದು ಬಂದಂತೆ ಹಳೆಯದನ್ನು ಬಳಸಿ ತೆಗೆಯಬೇಕು ಎಂಬ ಸೂಚನೆಯೂ ಅದರಲ್ಲಿದೆ. ಪ್ರೆಪ್ಪರ್‌ಗಳು ತಮ್ಮ ಉಗ್ರಾಣಕ್ಕೆ ಪಾಲಿಸುವ ನಿಯಮವೂ ಇದೇ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದರು.

ಮೊದಲೇ ಆರಿಸಿಟ್ಟ ನೆಲೆ ನಿಜಕ್ಕೂ ಕೆಲಸಕ್ಕೆ ಬಂದ ನಿದರ್ಶನ ಜಿಂಜಿ. ತಮಿಳುನಾಡಿನ ಈ ಗಿರಿದುರ್ಗವನ್ನು ಶಿವಾಜಿ 1677ರಲ್ಲಿ ಗೆದ್ದು ಬಲಪಡಿಸಿದ. 1689ರಲ್ಲಿ ಶಿವಾಜಿಯ ಮಗ ಸಂಭಾಜಿ ಹತನಾಗಿ, ಮೊಗಲರು ರಾಜಧಾನಿ ರಾಯಗಡವನ್ನು ಮುತ್ತಿದಾಗ ಅವನ ತಮ್ಮ ರಾಜಾರಾಮ ತಲೆತಪ್ಪಿಸಿಕೊಂಡು ತಲುಪಿದ್ದು ಅಲ್ಲಿಗೇ. ಮೊಗಲರು ಜಿಂಜಿಯನ್ನು ಹಿಡಿದದ್ದು 1698ರಲ್ಲಿ; ಅಷ್ಟು ಹೊತ್ತಿಗೆ ಮರಾಠರು ಚೇತರಿಸಿಕೊಂಡಿದ್ದರು. ಆದರೆ ಕೋಟೆ ಎಷ್ಟೇ ಗಟ್ಟಿಯಿದ್ದರೂ ಅಲ್ಲಿಗೆ ಮುಟ್ಟಿಸಿದ್ದು ದಾರಿಯಲ್ಲಿದ್ದ ಸ್ನೇಹ. ಕೆಳದಿಯ ರಾಣಿ ಚೆನ್ನಮ್ಮ ರಾಜಾರಾಮನಿಗೆ ಆಶ್ರಯ ಕೊಟ್ಟು ದಾಟಿಸದಿದ್ದರೆ ಜಿಂಜಿ ಇದ್ದೂ ಪ್ರಯೋಜನವಿರಲಿಲ್ಲ. ಆ ಔದಾರ್ಯಕ್ಕೆ ಅವಳು ಔರಂಗಜೇಬನ ಸೈನ್ಯವನ್ನು ಎದುರಿಸಬೇಕಾಯಿತು.

ಅಮೆರಿಕದ ಚಳವಳಿ

ರಾಜರಿಗೆ ಸೇರಿದ್ದ ಈ ಚಿಂತೆ ಗೃಹಸ್ಥರ ಚಿಂತೆಯಾದದ್ದು 20ನೆಯ ಶತಮಾನದ ಉತ್ತರಾರ್ಧದ ಅಮೆರಿಕದಲ್ಲಿ. 1960ರ ದಶಕದ ಕೊನೆಗೆ ಹ್ಯಾರಿ ಬ್ರೌನ್ ಡಾಲರಿನ ಅಪಮೌಲ್ಯವನ್ನು ಎದುರಿಸುವ ಬಗ್ಗೆ ವಿಚಾರಸಂಕಿರಣಗಳನ್ನು ನಡೆಸಿದ. ದೂರದ ಊರಿನಲ್ಲಿ ಮನೆ ಕಟ್ಟಿ ಸಜ್ಜುಗೊಳಿಸುವ ಕುರಿತು ವಾಸ್ತುಶಿಲ್ಪಿ ಡಾನ್ ಸ್ಟೀಫನ್ಸ್ ಪಾಠ ಹೇಳಿದ. ಆಗಿನ ಭಯ ಬಾಂಬಿಗಿಂತ ಹಣದುಬ್ಬರದ್ದು. ತೈಲ ಬಿಕ್ಕಟ್ಟು ಬಂದ 1970ರ ದಶಕದಲ್ಲಿ ಈ ವಿಷಯದ ಬರಹಗಳಿಗೆ ಓದುಗರು ಹೆಚ್ಚಿದರು.

ಈ ಪೀಳಿಗೆಯಲ್ಲಿ ಹೆಚ್ಚು ತೂಕದ ಮಾತಾಡಿದವನು ಮೆಲ್ ಟ್ಯಾಪನ್. ಆರೆಗನ್ ರಾಜ್ಯದ ರೋಗ್ ರಿವರ್ ಬಳಿ ನೆಲೆಸಿದ್ದ ಇವನ ಹೆಸರು ಬಂದೂಕುಗಳ ಕುರಿತ 1976ರ ಪುಸ್ತಕದಿಂದಲೇ ಪ್ರಸಿದ್ಧ. ಆದರೂ ಕಾಡಿನ ನಡುವೆ ಒಬ್ಬಂಟಿಯಾಗಿ ಅಡಗುವ ಕಲ್ಪನೆಯನ್ನು ಅವನು ಒಪ್ಪಲಿಲ್ಲ. ಸುತ್ತ ಬೇಸಾಯವಿರುವ ಚಿಕ್ಕ ಪಟ್ಟಣದಲ್ಲೋ ಅದರ ಅಂಚಿನಲ್ಲೋ, ಅಲ್ಲಿನವರಿಗೆ ಬೇಕಾದವನಾಗಿ ಬದುಕುವುದು ಅವನ ಸಲಹೆ. ಟ್ಯಾಪನ್ 1980ರಲ್ಲಿ ತೀರಿಕೊಂಡ. ಅದೇ ವರ್ಷ ಬ್ರೂಸ್ ಕ್ಲೇಟನ್ ಪರಮಾಣು ದಾಳಿಯ ಸಂಭಾವ್ಯ ಗುರಿಗಳನ್ನೂ ವಿಕಿರಣದ ದೂಳು ಬೀಳಬಹುದಾದ ಪ್ರದೇಶಗಳನ್ನೂ ಲೆಕ್ಕಹಾಕುವ ಪುಸ್ತಕ ತಂದ. 1998ರಲ್ಲಿ ಜೋಯಲ್ ಸ್ಕೌಸೆನ್ ಜನಸಾಂದ್ರತೆಯೇ ಎಲ್ಲಕ್ಕಿಂತ ದೊಡ್ಡ ಅಪಾಯ ಎಂಬ ನಿಲುವಿನಿಂದ ರಾಜ್ಯಗಳಿಗೆ ದರ್ಜೆ ಕೊಟ್ಟ. 2011ರಲ್ಲಿ ಮಾಜಿ ಸೇನಾ ಬೇಹುಗಾರಿಕೆ ಅಧಿಕಾರಿ ಜೇಮ್ಸ್ ವೆಸ್ಲಿ ರಾಲ್ಸ್ ಐಡಹೊ, ಮೊಂಟಾನಾ, ವಯೋಮಿಂಗ್ ಹಾಗೂ ಆರೆಗನ್, ವಾಷಿಂಗ್ಟನ್ ರಾಜ್ಯಗಳ ಪೂರ್ವಭಾಗವನ್ನು ಅಮೆರಿಕನ್ ರಿಡೌಟ್ ಎಂದು ಕರೆದು ಅಲ್ಲಿಗೆ ವಲಸೆ ಹೋಗಲು ಕರೆಕೊಟ್ಟ. ಕರೆ ಮುಖ್ಯವಾಗಿ ಸಂಪ್ರದಾಯಶೀಲ ಕ್ರೈಸ್ತರಿಗೂ ಯೆಹೂದಿಗಳಿಗೂ ಆಗಿದ್ದುದರಿಂದ ಇದರಲ್ಲಿ ಸುರಕ್ಷತೆಯಷ್ಟೇ ರಾಜಕೀಯವೂ ಬೆರೆತಿದೆ.

ಸ್ಥಳ ನೋಡುವ ಬಗೆ

ಈ ಸಾಹಿತ್ಯ ಮೊದಲು ಕೇಳುವ ಪ್ರಶ್ನೆ ದೂರದ್ದು. ಮಹಾನಗರದಿಂದ ಹೊರಟ ಕಾರು ಒಂದು ಟ್ಯಾಂಕ್ ಪೆಟ್ರೋಲಿನಲ್ಲಿ ಮುಟ್ಟಲಾಗದಷ್ಟು ಆಚೆ ನೆಲೆಯಿರಬೇಕು, ಹೆದ್ದಾರಿಯ ಬದಿಯಲ್ಲಿರಬಾರದು ಎನ್ನುವುದು ಸಾಮಾನ್ಯ ಸೂತ್ರ. ಆದರೆ ನಗರದಲ್ಲೇ ಕೆಲಸ ಮಾಡುವ ನೆಲೆಯ ಒಡೆಯನೂ ಅಲ್ಲಿಗೆ ಮುಟ್ಟಬೇಕಲ್ಲ! ಈ ತೊಡಕಿಗೆ ರಾಲ್ಸ್ ಕೊಡುವ ಉತ್ತರ ಒಂದೇ: ವರ್ಷಪೂರ್ತಿ ಅಲ್ಲೇ ವಾಸಮಾಡಿ. ಅದು ಸಾಧ್ಯವಿಲ್ಲದವರ ನೆಲೆ ಬೀಗ ಹಾಕಿದ ಮನೆಯಷ್ಟೇ. ಕುಸಿತಕ್ಕೆ ಮೊದಲೇ ಕಳ್ಳರು ನುಗ್ಗುವ ಸಂಭವ ಹೆಚ್ಚು.

ದೂರಕ್ಕಿಂತ ಮುಖ್ಯವಾದದ್ದು ನೀರು. ಕುಡಿಯಲು ಮತ್ತು ಕನಿಷ್ಠ ಶುಚಿಗೆ ತಲೆಗೆ ದಿನಕ್ಕೆ ಸುಮಾರು 4 ಲೀಟರ್ ಎಂದು ಅಮೆರಿಕದ ವಿಪತ್ತು ಸೂಚನೆಗಳು ಹೇಳುತ್ತವೆ. ಅಡುಗೆ, ಸ್ನಾನ ಸೇರಿದರೆ ನಿರಾಶ್ರಿತರ ಶಿಬಿರಗಳಿಗೆ ಹಾಕಿಕೊಂಡ ಅಂತರರಾಷ್ಟ್ರೀಯ ಅಳತೆಯೇ 15 ಲೀಟರ್. ತರಕಾರಿ ಮಡಿಗಳಿಗೆ, ದನಕ್ಕೆ ಬೇಕಾದ್ದು ಇದರ ಹಲವು ಪಟ್ಟು. ಇಷ್ಟೆಲ್ಲವೂ ವಿದ್ಯುತ್ತಿಲ್ಲದೆ ಸಿಗಬೇಕು. ಮನೆಗಿಂತ ಎತ್ತರದಲ್ಲಿ ಹುಟ್ಟಿ ತಾನಾಗಿ ಹರಿದುಬರುವ ಒರತೆಗೆ ಕೈಪಿಡಿಗಳು ಅಗ್ರಸ್ಥಾನ ಕೊಡುವುದು ಸರಿಯಾಗಿಯೇ ಇದೆ. ಈ ಅಳತೆಗೋಲನ್ನು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಹಿಡಿದರೆ ಚಿತ್ರ ಬೇರೆಯಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕಾಣುವ ಇಂಡಿಯಾ ಮಾರ್ಕ್ 2 ಕೈಪಂಪು ಸುಮಾರು 50 ಮೀಟರ್ ಆಳದವರೆಗೆ ನೀರೆತ್ತಲು ರೂಪಿಸಿದ್ದು. 1,000 ಅಡಿ ದಾಟಿದ ಬೋರ್‌ವೆಲ್ಲು ಕರೆಂಟು ಹೋದ ಗಳಿಗೆಯಿಂದ ಬರಿಯ ಕಬ್ಬಿಣದ ಕೊಳವೆ. ಸೌರಪಂಪು ಒಂದಷ್ಟು ಕಾಲ ನಡೆದೀತು, ಅದರ ಬಿಡಿಭಾಗ ಸಿಗುವವರೆಗೆ.

ಮಣ್ಣು, ಮಳೆ ಮತ್ತು ಬೆಳೆಗಾಲದ ವಿಚಾರದಲ್ಲಿ ಅಮೆರಿಕದ ಕೈಪಿಡಿಗಳು ಸಡಿಲ. ರಿಡೌಟಿನ ಬಹುಭಾಗದಲ್ಲಿ ಚಳಿಗಾಲ ದೀರ್ಘ. ಹಿಮ ಬೀಳದ ತಿಂಗಳು ಕೆಲವೇ. ಸೌದೆ ಧಾರಾಳ, ಧಾನ್ಯ ಕಷ್ಟ. ವರ್ಷಗಟ್ಟಲೆ ಕೆಡದ ಧಾನ್ಯವೇ ನೆಲೆಯ ಬೆನ್ನೆಲುಬು ಎಂಬುದನ್ನು ಹಳೆಯ ಮೈಸೂರು ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಳು ಹಿಡಿಯದ ರಾಗಿಯನ್ನು ಹಗೇವುಗಳಲ್ಲಿ ಮುಚ್ಚಿಟ್ಟು ಬರಗಾಲದಲ್ಲಿ ತೆಗೆಯುತ್ತಿದ್ದರು.

ನೆರೆಹೊರೆಯ ಬಗ್ಗೆ ಮತಭೇದ ತೀವ್ರವಾಗಿದೆ. ಒಂದು ಪಂಥಕ್ಕೆ ಗುಟ್ಟೇ ರಕ್ಷೆ: ದಾಸ್ತಾನು ಎಲ್ಲಿದೆ, ಎಷ್ಟಿದೆ ಎಂದು ಯಾರಿಗೂ ತಿಳಿಯಬಾರದು. ಇನ್ನೊಂದು ಪಂಥ ಅರ್ಜೆಂಟೀನದ ಅನುಭವವನ್ನು ಮುಂದಿಡುತ್ತದೆ. ಅಲ್ಲಿ 2001ರ ಡಿಸೆಂಬರಿನಲ್ಲಿ ಬ್ಯಾಂಕ್ ಖಾತೆಗಳಿಗೆ ತಡೆ ಬಿದ್ದು ಹಣವ್ಯವಸ್ಥೆ ಮುರಿದುಬಿದ್ದಾಗ ಬ್ಯೂನಸ್ ಐರಿಸ್‌ನಲ್ಲಿದ್ದ ಫರ್ನಾಂಡೊ ಅಗಿರೆ, 2009ರ ತನ್ನ ಪುಸ್ತಕದಲ್ಲಿ, ಒಂಟಿ ತೋಟದ ಮನೆಗಳೇ ದರೋಡೆಕೋರರಿಗೆ ಸುಲಭದ ತುತ್ತಾದವೆಂದೂ ಕೂಗಿದರೆ ಕೇಳುವಷ್ಟು ಹತ್ತಿರ ಮನೆಗಳಿದ್ದ ಕಡೆ ಬಾಳುವೆ ಮೇಲೆಂದೂ ವಾದಿಸಿದ. ಟ್ಯಾಪನ್‌ನ ಸಣ್ಣಪಟ್ಟಣದ ಸಲಹೆಗೆ ಇದು ಪುಷ್ಟಿ ಕೊಡುತ್ತದೆ. ಬಿತ್ತನೆ, ಕಾವಲು, ಹೆರಿಗೆ, ಹಲ್ಲುನೋವು ಇವನ್ನೆಲ್ಲ ಒಂದೇ ಮನೆಯವರು ನಿಭಾಯಿಸುತ್ತಾರೆ ಎಂಬುದು ಕಾದಂಬರಿಗೆ ಸರಿ.

ಆಯ್ಕೆ ಹುಸಿಯಾಗುವ ಪರಿ

ಒಂದು ಅಪಾಯದಿಂದ ದೂರ ಹೋದವರು ಇನ್ನೊಂದಕ್ಕೆ ಹತ್ತಿರವಾಗುವುದೇ ಹೆಚ್ಚು. ಅಮೆರಿಕದ ಮಿನಿಟ್‌ಮನ್ ಕ್ಷಿಪಣಿಗಳ ಮೂರು ನೆಲೆಗಳಲ್ಲಿ ಎರಡು ರಿಡೌಟಿಗೆ ಸೇರಿದ ಮೊಂಟಾನಾ ಮತ್ತು ವಯೋಮಿಂಗ್‌ಗಳಲ್ಲೇ ಇವೆ. ಪರಮಾಣು ಯುದ್ಧವಾದರೆ ಮೊದಲ ಗುರಿಗಳ ಪಟ್ಟಿಯಲ್ಲಿ ಅವು ಇರಲೇಬೇಕು. ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಹಾದಷ್ಟು ಏಕಾಂತದ ಜನವಸತಿ ಇನ್ನೊಂದಿಲ್ಲ. ಅಲ್ಲಿ 1961ರಲ್ಲಿ ಜ್ವಾಲಾಮುಖಿ ಸಿಡಿದು ಇಡೀ ಊರನ್ನು ಬ್ರಿಟನ್ನಿಗೆ ಸಾಗಿಸಬೇಕಾಯಿತು. ಬಹುತೇಕರು 1963ರಲ್ಲಿ ಹಿಂತಿರುಗಿದರು. ವರ್ಜೀನಿಯಾದ ವಿಲ್ಮರ್ ಮೆಕ್ಲೀನ್‌ನ ಕಥೆ ಇನ್ನೂ ವಿಚಿತ್ರ. 1861ರಲ್ಲಿ ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕದನ ನಡೆದದ್ದು ಇವನ ಜಮೀನಿನ ಸುತ್ತ. ಗುಂಡೊಂದು ಅಡುಗೆಮನೆಗೇ ಬಿತ್ತು. ಸಾಕಪ್ಪ ಎಂದು ಸುಮಾರು 190 ಕಿಮೀ ದೂರದ ಅಪಮ್ಯಾಟಕ್ಸ್ ಎಂಬ ಹಳ್ಳಿಗೆ ಸಂಸಾರ ಸಾಗಿಸಿದ. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಅವನ ಆ ಹೊಸ ಮನೆಯ ನಡುಮನೆಯಲ್ಲಿ.

ಸುರಕ್ಷಿತವೆಂಬ ಹೆಸರೇ ಸ್ಥಳವನ್ನು ಕೆಡಿಸುವುದೂ ಉಂಟು. 2010ರಿಂದ 2020ರ ನಡುವೆ ಐಡಹೊದ ಜನಸಂಖ್ಯೆ ಶೇ. 17ರಷ್ಟು ಏರಿತು, ಆ ದಶಕದಲ್ಲಿ ಅದಕ್ಕಿಂತ ವೇಗವಾಗಿ ಬೆಳೆದ ಅಮೆರಿಕದ ರಾಜ್ಯ ಯೂಟಾ ಒಂದೇ. ಬಂದವರೆಲ್ಲ ಪ್ರೆಪ್ಪರ್‌ಗಳಲ್ಲ. ಆದರೆ ವಿರಳ ಜನಸಂಖ್ಯೆ ನೋಡಿ ಬಂದವರಿಗೆ ಅದೇ ಉಳಿಯಲಿಲ್ಲ.

ಧನಿಕರ ನೆಲೆ, ಸರ್ಕಾರದ ನೆಲೆ

ಕ್ಯಾನ್ಸಸ್ ರಾಜ್ಯದಲ್ಲಿ ಲ್ಯಾರಿ ಹಾಲ್ ಎಂಬ ಉದ್ಯಮಿ ಶೀತಲ ಸಮರದ ಕಾಲದ ಅಟ್ಲಾಸ್ ಕ್ಷಿಪಣಿಯ ನೆಲಬಾವಿಯೊಂದನ್ನು 2008ರಲ್ಲಿ ಕೊಂಡು, 2012ರ ಹೊತ್ತಿಗೆ 15 ಅಂತಸ್ತಿನ ನೆಲದಡಿಯ ವಸತಿ ಸಂಕೀರ್ಣವಾಗಿ ಮಾರ್ಪಡಿಸಿದ. ಇಡೀ ಅಂತಸ್ತಿನ ಮನೆಗೆ ಆಗ 30 ಲಕ್ಷ ಡಾಲರ್ ಬೆಲೆಯಿತ್ತು. ಹೂಡಿಕೆದಾರ ಪೀಟರ್ ಥೀಲ್ ನ್ಯೂಜಿಲೆಂಡನ್ನು ಆರಿಸಿಕೊಂಡ. ಅಲ್ಲಿ ಕೇವಲ 12 ದಿನ ಕಳೆದಿದ್ದ ಅವನಿಗೆ 2011ರಲ್ಲಿ ಪೌರತ್ವ ಸಿಕ್ಕಿತ್ತೆಂಬುದು 2017ರಲ್ಲಿ ಹೊರಬಿದ್ದು ಗದ್ದಲವಾಯಿತು. ಮರುವರ್ಷವೇ ಆ ದೇಶ ಹೆಚ್ಚಿನ ವಿದೇಶಿಯರು ಮನೆ ಕೊಳ್ಳುವುದನ್ನು ಕಾನೂನಿನಿಂದ ನಿರ್ಬಂಧಿಸಿತು. ವಾನಕಾ ಸರೋವರದ ಬಳಿ 193 ಹೆಕ್ಟೇರ್ ಜಮೀನಿನಲ್ಲಿ ಥೀಲ್ ಕಟ್ಟಲು ಹೊರಟಿದ್ದ ವಸತಿಗೃಹಕ್ಕೆ 2022ರಲ್ಲಿ ಸ್ಥಳೀಯ ಆಡಳಿತ ಅನುಮತಿ ನಿರಾಕರಿಸಿತು. ಭೂದೃಶ್ಯಕ್ಕೆ ಧಕ್ಕೆ ಎಂಬುದು ಕಾರಣ. ಕಾನೂನು ಇಲ್ಲವಾಗುವ ದಿನಕ್ಕೆಂದು ಕೊಂಡ ಜಾಗವನ್ನು ಕಾನೂನೇ ತಡೆಹಿಡಿಯಿತು.

ಸ್ವಿಟ್ಜರ್ಲೆಂಡಿನ ದಾರಿ ಇದಕ್ಕೆ ವಿರುದ್ಧ. 1940ರ ಜುಲೈಯಲ್ಲಿ ಜನರಲ್ ಆನ್ರಿ ಗಿಸಾನ್ ಸೈನ್ಯವನ್ನು ಆಲ್ಪ್ಸ್ ಪರ್ವತಗಳ ಒಳಕ್ಕೆ ಸರಿಸುವ ಯೋಜನೆ ಘೋಷಿಸಿದ. ಪರ್ವತ ಉಳಿಯುತ್ತಿತ್ತು, ಬಹುಪಾಲು ಜನ ಇದ್ದ ಬಯಲು ಶತ್ರುವಿಗೆ ತೆರೆದೇ ಇರುತ್ತಿತ್ತು. ಯುದ್ಧಾನಂತರ, 1963ರ ಕಾಯಿದೆಯ ಮೂಲಕ, ಜನ ಎಲ್ಲಿದ್ದಾರೋ ಅಲ್ಲೇ ನೆಲಮಾಳಿಗೆಯ ಆಶ್ರಯ ಕಟ್ಟಿಸುವ ನೀತಿ ಬಂತು. ಇಂದು ಸುಮಾರು 90 ಲಕ್ಷ ಜನಕ್ಕೆ ಅಲ್ಲಿ ಜಾಗವಿದೆ. ಇಡೀ ದೇಶದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಲುಸರ್ನ್ ನಗರದ ಸೋನೆನ್‌ಬರ್ಗ್ ಹೆದ್ದಾರಿ ಸುರಂಗವನ್ನು 20,000 ಜನರ ಆಶ್ರಯವಾಗಿಯೂ ಬಳಸುವಂತೆ ಕಟ್ಟಿ 1976ರಲ್ಲಿ ತೆರೆದರು. 1987ರ ತಾಲೀಮಿನಲ್ಲಿ ಅದರ ದೈತ್ಯ ಬಾಗಿಲುಗಳಲ್ಲೊಂದು ಮುಚ್ಚಲೇ ಇಲ್ಲ. ಮನೆಮನೆಯ ಚಿಕ್ಕ ಆಶ್ರಯಗಳು ಈಗಲೂ ಬಳಕೆಯಲ್ಲಿವೆ, ಬಹುಮಟ್ಟಿಗೆ ಸೈಕಲ್ಲು, ವೈನ್ ಬಾಟಲಿ ಇಡಲು.

ಇಡೀ ದೇಶಗಳನ್ನೇ ನೆಲೆಯಾಗಿ ಪರಿಶೀಲಿಸಿದ ಅಧ್ಯಯನವೂ ಇದೆ. ಇಂಗ್ಲೆಂಡಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದ ನಿಕ್ ಕಿಂಗ್ ಮತ್ತು ಆಲೆಡ್ ಜೋನ್ಸ್ 2021ರಲ್ಲಿ ಜಮೀನು, ಇಂಧನ, ಪ್ರತ್ಯೇಕತೆ ಇವನ್ನು ತೂಗಿ ನ್ಯೂಜಿಲೆಂಡ್, ಐಸ್‌ಲೆಂಡ್, ಬ್ರಿಟನ್, ಆಸ್ಟ್ರೇಲಿಯದ ಟಾಸ್ಮೇನಿಯ ಮತ್ತು ಐರ್ಲೆಂಡ್‌ಗಳನ್ನು ಹೆಸರಿಸಿದರು. ಎಲ್ಲವೂ ದ್ವೀಪಗಳು. ಸಾಗರದ ಹವೆ ತಾಪದ ಏರಿಳಿತವನ್ನು ತಗ್ಗಿಸುತ್ತದೆ ಎಂಬುದೂ ಒಂದು ಕಾರಣ. ಆಹಾರದ ದೊಡ್ಡ ಪಾಲನ್ನು ಹೊರಗಿನಿಂದ ತರಿಸುವ ಬ್ರಿಟನ್ ಈ ಪಟ್ಟಿಯಲ್ಲಿರುವುದು ನಂಬಲು ಸ್ವಲ್ಪ ಕಷ್ಟ.

ಕರ್ನಾಟಕದ ಅನುಭವ

ನಗರದಿಂದ ದೂರವಾದಷ್ಟೂ ಕ್ಷೇಮ ಎಂಬ ನಂಬಿಕೆಗೆ ಕನ್ನಡನಾಡಿನ ಇತಿಹಾಸ ಎರಡು ಬಗೆಯ ಉತ್ತರ ಕೊಡುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆ ತೆರವು ಮಾಡಿ ಊರಾಚೆ ಗುಡಿಸಲು ಹಾಕಿಕೊಂಡರು. ಹಳ್ಳಿಗಳಲ್ಲೂ ಹೊಲಕ್ಕೆ ವಾಸ ಬದಲಿಸುವುದು ರೂಢಿಯಾಯಿತು, ಜೀವವೂ ಉಳಿಯಿತು. ಆದರೆ 1876-78ರ ಮಹಾಕ್ಷಾಮದಲ್ಲಿ ಹರಿವು ತಿರುಗುಮುರುಗು. ಹಳ್ಳಿಯಲ್ಲಿ ಕಾಳು ಮುಗಿದವರು ಗಂಜಿಕೇಂದ್ರಗಳಿದ್ದ ಪಟ್ಟಣಗಳಿಗೆ ನಡೆದು ಬಂದರು, ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕಡಿಮೆಯಿತ್ತು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಬಿಟ್ಟವರು ಹುಡುಕಿದ್ದು ಗುಡ್ಡದ ಬಂಗಲೆಯನ್ನಲ್ಲ, ಹುಟ್ಟಿದೂರನ್ನು. ಭಾರತದ ಬಹುಪಾಲು ಜನರಿಗೆ ಇರುವ ಆಪತ್ಕಾಲದ ನೆಲೆ ಅದೇ. ಅದಕ್ಕೆ ಯಾರೂ ಆ ಹೆಸರು ಇಟ್ಟಿಲ್ಲ.

ಅದೇ ವರ್ಷ ರಾಜ್ಯ ಸರ್ಕಾರ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ಕೈಬಿಟ್ಟು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ಮಾಡಿತು. ನಗರದವರು ಮಲೆನಾಡಿನಲ್ಲೂ ಕೊಡಗಿನಲ್ಲೂ ತೋಟದ ಮನೆ ಹುಡುಕುವುದು ಈಗ ಸುಲಭ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳನ್ನು ಒಯ್ದದ್ದನ್ನು ಅಂಥವರು ಮರೆಯಬಾರದು: ಇಳಿಜಾರನ್ನು ಕಡಿದು ಸಮತಟ್ಟು ಮಾಡಿದ ನಿವೇಶನ ಎಷ್ಟೇ ಸುಂದರವಾಗಿದ್ದರೂ ಬೇಡ. ಜಮೀನು ನೋಡಲು ಹೊಳೆ ತುಂಬಿ ಹರಿಯುವ ಆಷಾಢದಲ್ಲಿ ಹೋಗದೆ ಏಪ್ರಿಲ್ ಕೊನೆಯಲ್ಲಿ ಹೋಗಿ, ಬಾವಿಯಲ್ಲಿ ನೀರೆಷ್ಟಿದೆ ನೋಡಿ, ಪಕ್ಕದ ಮನೆಯವರನ್ನು ಮಾತಾಡಿಸಿ ಆಮೇಲೆ ಮುಂಗಡ ಕೊಡುವುದು ಲೇಸು.