ಸುಂಕದ ಕಟ್ಟೆಯಲ್ಲಿ ರುಜುವಾತಿನ ಹೊಣೆ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ನಾವು ಸುಂಕದವನ ನಿರ್ದಯತೆಗಷ್ಟೇ ಅನ್ವಯಿಸುತ್ತೇವೆ. ಅದರೊಳಗೆ ಇನ್ನೊಂದು ಸಂಗತಿಯೂ ಅಡಗಿದೆ: ಕಟ್ಟೆಯ ಬಳಿ ಮಾತನಾಡಬೇಕಾದವನು ವರ್ತಕ; ಸುಂಕದವನು ಕೇಳಿಸಿಕೊಂಡರೆ ಸಾಕು. ನಮ್ಮ ಶಾಸನಗಳಲ್ಲಿ ಹೆಜ್ಜುಂಕದ ಜೊತೆಗೆ ಬರುವ ಸಣ್ಣಪುಟ್ಟ ಸುಂಕಗಳಿಗೆ ‘ಕಿರುಕುಳ’ ಎಂಬ ಹೆಸರಿದೆ. ಆ ಪದ ಇಂದು ಯಾವ ಅರ್ಥದಲ್ಲಿ ನೆಲೆಸಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಸರಕು ಸಕ್ರಮವೆಂದು ವರ್ತಕನೇ ತೋರಿಸಬೇಕೋ, ಅಕ್ರಮವೆಂದು ಸರ್ಕಾರವೇ ತೋರಿಸಬೇಕೋ? ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆ ಇತ್ಯರ್ಥಗೊಂಡದ್ದು ಮದರಾಸಿನ ಎರಡು ಮೊಕದ್ದಮೆಗಳಲ್ಲಿ.

ಮದರಾಸು ಹುಟ್ಟಿದ್ದೇ ಸುಂಕದ ಒಪ್ಪಂದವೊಂದರ ಜೊತೆಗೆ. 1639ರಲ್ಲಿ ವಿಜಯನಗರದ ಅರವೀಡು ಅರಸರ ಅಧೀನದಲ್ಲಿದ್ದ ದಾಮರ್ಲ ವೆಂಕಟಪ್ಪ ನಾಯಕ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ ಕೌಲಿನಂತೆ ಕಂಪನಿಯ ಸರಕಿಗೆ ಅಲ್ಲಿ ಸುಂಕವಿರಲಿಲ್ಲ. ಉಳಿದವರಿಂದ ಬಂದ ಸುಂಕದಲ್ಲಿ ಅರ್ಧ ಪಾಲು ಕಂಪನಿಗೆ ಸಲ್ಲುತ್ತಿತ್ತು. ಆಗ ಅಲ್ಲಿ ಕಟ್ಟಿದ ಬಂದರು ಇರಲಿಲ್ಲ. ಹಲಗೆಗಳನ್ನು ನಾರಿನಿಂದ ಹೊಲಿದು ಮಾಡಿದ ಮಸೂಲ ದೋಣಿಗಳು ಅಬ್ಬರದ ತೆರೆಗಳನ್ನು ದಾಟಿಸಿ ಸರಕನ್ನು ಮರಳಿಗೆ ತರುತ್ತಿದ್ದವು. ಕಣ್ಣೆದುರಿಗೆ ಇಳಿದ ಮೂಟೆಯ ವಿಚಾರದಲ್ಲಿ ರುಜುವಾತಿನ ತೊಡಕು ಕಡಿಮೆ. 1878ರ ಸಮುದ್ರ ಸುಂಕ ಕಾಯಿದೆಯ ಕಾಲಕ್ಕೂ, ಕಳ್ಳ ಸರಕೆಂದು ಆರೋಪಿಸುವ ಇಲಾಖೆಯೇ ಅದನ್ನು ತೋರಿಸಿಕೊಡಬೇಕೆಂಬುದು ಸಾಮಾನ್ಯ ನಿಯಮವಾಗಿತ್ತು.

ಈ ನಿಯಮವನ್ನು ಕದಲಿಸಿದ್ದು ಚಿನ್ನ. ಕರಗಿಸಿ ಗಟ್ಟಿ ಮಾಡಿದ ಚಿನ್ನಕ್ಕೆ ಊರಿಲ್ಲ, ಹೆಸರಿಲ್ಲ. 1955ರಲ್ಲಿ ಆ ಕಾಯಿದೆಗೆ 178-ಎ ಎಂಬ ಹೊಸ ಕಲಮು ಸೇರಿತು. ಕಳ್ಳಸಾಗಣೆಯ ಮಾಲೆಂಬ ‘ಸಮಂಜಸ ನಂಬಿಕೆ’ಯಿಂದ ಅಧಿಕಾರಿ ಚಿನ್ನವನ್ನು ಹಿಡಿದರೆ, ಅದು ಹಾಗಲ್ಲವೆಂದು ರುಜುವಾತುಪಡಿಸುವ ಹೊಣೆ ಅದನ್ನು ಇಟ್ಟುಕೊಂಡವನದೇ. ಮರುವರ್ಷವೇ, ಮುಂಬಯಿಯಿಂದ ಚಿನ್ನದ ಗಟ್ಟಿಗಳನ್ನು ತಂದ ವ್ಯಕ್ತಿಯೊಬ್ಬನನ್ನು ಮದರಾಸಿನಲ್ಲಿ ಸುಂಕಾಧಿಕಾರಿಗಳು ತಡೆದರು. ಚಿನ್ನ ತನ್ನದೆಂದ ನಗರದ ವ್ಯಾಪಾರಿ ಸಂಸ್ಥೆ ನಾತೆಲ್ಲ ಸಂಪತ್ತು ಚೆಟ್ಟಿ. ಅದರ ವಿವರಣೆ ಸಾಲದೆಂದು ಕಲೆಕ್ಟರು ಮಾಲನ್ನು ಮುಟ್ಟುಗೋಲು ಹಾಕಿಕೊಂಡರು. ಮದರಾಸು ಹೈಕೋರ್ಟು ಹೊಸ ಕಲಮನ್ನೇ ಅಸಾಂವಿಧಾನಿಕವೆಂದಿತು. ಪ್ರಾಮಾಣಿಕವಾಗಿ ಪೇಟೆಯಲ್ಲಿ ಕೊಂಡವನು ತನಗೆ ಮಾರಿದವನ ಹಿಂದಿನವನನ್ನು, ಅವನ ಹಿಂದಿನವನನ್ನು ಎಲ್ಲಿಂದ ಹುಡುಕಿ ತರಬೇಕು ಎಂಬುದು ಅಲ್ಲಿ ಎದುರಾದ ನಿಜವಾದ ಸಂಕಟ. 1961ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಕಳ್ಳಸಾಗಣೆಯ ಅಗಾಧತೆಯ ಮುಂದೆ ಈ ನಿರ್ಬಂಧ ಸಮಂಜಸವೇ ಎಂಬುದು ಅದರ ನಿಲುವು. ಆ ಹೊತ್ತಿನ ದೇಶದ ವಿದೇಶಿ ವಿನಿಮಯದ ಇಕ್ಕಟ್ಟನ್ನು ನೆನೆದರೆ ಈ ನಿಲುವು ನಮಗೆ ಅರ್ಥವಾಗುತ್ತದೆ. ಹೈಕೋರ್ಟಿನ ಅಳುಕೂ ಅಷ್ಟೇ ಅರ್ಥವಾಗುತ್ತದೆ.

1962ರ ಸುಂಕ ಕಾಯಿದೆಯಲ್ಲಿ ಇದೇ ಕಲಮು 123ನೆಯ ಸಂಖ್ಯೆ ಪಡೆದು ಉಳಿದುಕೊಂಡಿತು. ಅದು ಪಟ್ಟಿ ಮಾಡಿದ ಸರಕುಗಳಿಗೆ ಮಾತ್ರ ಸೀಮಿತವಷ್ಟೆ. ಆದರೆ ಮದರಾಸಿನ ಇನ್ನೊಂದು ಮೊಕದ್ದಮೆ, ಭೂರ್ಮಲ್ ಪ್ರಕರಣ, 1974ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದಾಗ ಆ ಎಲ್ಲೆಯೂ ಸಡಿಲಾಯಿತು. ಪಟ್ಟಿಯಲ್ಲಿಲ್ಲದ ಸರಕಿನ ವಿಷಯದಲ್ಲೂ ಇಲಾಖೆ ಗಣಿತದ ಖಚಿತತೆಯಿಂದ ಸಾಧಿಸಿ ತೋರಿಸಬೇಕಿಲ್ಲ. ವಿವೇಕಿಯೊಬ್ಬ ನಂಬಬಹುದಾದಷ್ಟು ಸಂಭಾವ್ಯತೆ ಸಾಕು. ಒಡೆಯನಿಗೆ ಮಾತ್ರ ತಿಳಿದಿರುವುದನ್ನು ಅವನೇ ಹೇಳಬೇಕು.

ಮುಂದಿನ ಹೆಜ್ಜೆಗಳು ಕಳ್ಳಸಾಗಣೆಗಾರರ ಕಡೆಗಲ್ಲ, ನೇರ ದಾರಿಯ ಆಮದುದಾರರ ಕಡೆಗೆ ಸಾಗಿದವು. 2011ರಲ್ಲಿ ಸ್ವಯಂ ಮೌಲ್ಯಮಾಪನ ಬಂತು: ಸುಂಕವನ್ನು ವರ್ತಕನೇ ಲೆಕ್ಕ ಹಾಕಬೇಕು. ಇದನ್ನು ವಿಶ್ವಾಸದ ಕುರುಹೆಂದು ಹೊಗಳಿದವರುಂಟು. ಲೆಕ್ಕ ತಪ್ಪಿದರೆ ಅದಕ್ಕೆ ಉತ್ತರ ಹೇಳಬೇಕಾದವನೂ ವರ್ತಕನೇ ಎಂಬುದು ಅದರ ಬೆನ್ನಿನ ಮಗ್ಗುಲು. 2020ರ ತಿದ್ದುಪಡಿಯಂತೂ ವ್ಯಾಪಾರ ಒಪ್ಪಂದದ ರಿಯಾಯಿತಿ ಬಯಸುವವನು ಮೂಲದ ಪ್ರಮಾಣಪತ್ರವನ್ನು ಒಪ್ಪಿಸಿ ಸುಮ್ಮನಿರುವಂತಿಲ್ಲ ಎಂದಿತು. ಸರಕು ಯಾವ ದೇಶದಲ್ಲಿ, ಎಷ್ಟರಮಟ್ಟಿಗೆ ತಯಾರಾಯಿತೆಂಬ ವಿವರ ಆತನ ಬಳಿಯೇ ಇರಬೇಕು. ಅದನ್ನು ಐದು ವರ್ಷ ಕಾಪಾಡಿಡಬೇಕು. ಚೆನ್ನೈನ ರಾಜಾಜಿ ಸಾಲೈನಲ್ಲಿರುವ ಸುಂಕದ ಮನೆಗೆ ಉತ್ತರ ಕೊಡಬೇಕಾದ ಸಣ್ಣ ಆಮದುದಾರ ಈಗ ವಿಯೆಟ್ನಾಮಿನದೋ ಥಾಯ್ಲೆಂಡಿನದೋ ಕಾರ್ಖಾನೆಯವನಿಗೆ ಪತ್ರ ಬರೆಯುತ್ತಾನೆ: ನಿಮ್ಮ ಕಚ್ಚಾ ಮಾಲು ಎಲ್ಲಿಯದು, ಅದರ ಬೆಲೆಯೆಷ್ಟು, ನೀವು ಸೇರಿಸಿದ ಮೌಲ್ಯವೆಷ್ಟು? ಯಾವ ಮಾರಾಟಗಾರನೂ ತನ್ನ ಗಿರಾಕಿಗೆ ಹೇಳಬಯಸದ ಸಂಗತಿಗಳು ಇವೇ.